ಸೀರೆ ಗಂಟಿನ ಸ್ಪ್ರಿಂಗು

ಸೂರತ್ತಿಗೆ ವರ್ಗವಾಯಿತೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಂಡನ ಬಳಗಕ್ಕೆಲ್ಲ ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಧಾರವಾಡದಲ್ಲಿದ್ದಾಗ ಹಬ್ಬಕ್ಕೂ ಮುಖ ತೋರಿಸದವರು ಸೂರತ್ತಿನ ಅಡಾಜಣ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಸಾಲುಗಟ್ಟಿ ಬಂದಿಳಿದರು. ಯಾರ ಮನೆಯಲ್ಲೇ ಮದುವೆಯಾಗಲಿ, ಮುಯ್ಯಿಯ ಸೀರೆ ಸೂರತ್ತಿನದೇ ಆಗಬೇಕು, ಅದೂ ಸಗಟಿನಲ್ಲಿ. ಉಣಬಡಿಸಲು ನಾನು, ಗಂಟು ಹೊರಲು ನಮ್ಮ ಕಾರು.

ನನ್ನ ಬೆನ್ನಿನ ಆಪರೇಷನ್ ಆಗಿ ಇನ್ನೂ ಗಾಯದ ಗುರುತು ಮಾಸಿರಲಿಲ್ಲ. ಕುಲುಕಾಟ ಸುತರಾಂ ಆಗದು, ಬೆನ್ನು ಮತ್ತೆ ಕೆಟ್ಟರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಹಿಂದಿನ ಸೀಟಿನಲ್ಲಿ ಒರಗಿ ಕೂತು ಫಿಸಿಯೋಥೆರಪಿಗೆ ಹೋಗಿಬರುವುದಷ್ಟೇ ನನ್ನ ಓಡಾಟ.

ಅಂಥ ಹೊತ್ತಿನಲ್ಲಿ ಗಂಡನ ಅಕ್ಕ ಬಂದಳು. ತಮ್ಮನ ಜೊತೆ ನಮ್ಮ ಕಾರಿನಲ್ಲಿ ಸೀರೆ ಮಾರ್ಕೆಟ್ಟಿಗೆ ಹೋಗಿ, "ಅರಿವಿ ಹಗುರ ಇರ್ತದ ಬಿಡು, ಕಲ್ಲೇನ ಅದು?" ಎಂದು ಡಿಕ್ಕಿ, ಹಿಂದಿನ ಸೀಟು, ಎಲ್ಲ ಕಡೆ ಗಂಟು ತುರುಕಿಸಿದಳು. ಒಂದೊಂದು ಗಂಟು ಎತ್ತಲು ಇಬ್ಬಿಬ್ಬರು ಹಮಾಲರು. ಬರುವಾಗ ತಾಪಿ ನದಿಯ ಸೇತುವೆ ಇಳಿಯುತ್ತಿದ್ದಂತೆ ಠಣ್ ಎಂದು ಸದ್ದಾಗಿ ಕಾರಿನ ಹಿಂಭಾಗ ಕುಸಿಯಿತಂತೆ. ಹಿಂದಿನ ಎರಡೂ ಸ್ಪ್ರಿಂಗು ಮುರಿದಿದ್ದವು. ಮನೆಗೆ ಬಂದ ಮಹಾತಾಯಿ ಮೊದಲು ನೋಡಿದ್ದು ಸೀರೆಗೆ ಗ್ರೀಸ್ ಹತ್ತಿದೆಯೋ ಎಂದು. ನಾಳೆ ನಾನು ಹೇಗೆ ಹೋಗಬೇಕು ಎಂದು ಒಬ್ಬರಾದರೂ ಕೇಳಬೇಕಲ್ಲ? ಥೂ, ಇವರ ಜನ್ಮಕ್ಕಿಷ್ಟು!

ಅವಳು ಊರಿಗೆ ಹೋದ ಮೇಲೆ, ಭಾನುವಾರ, ಗಂಡ ಕಾರನ್ನು ಗ್ಯಾರೇಜಿಗೆ ಒಯ್ದರು. ಸಂಜೆ ನಾನೂ ಮೆಲ್ಲಗೆ ನಡೆದುಕೊಂಡು ಹೋದೆ. ಗ್ಯಾರೇಜಿನ ಗೋಡೆಯ ತುಂಬ ಮಾವಾ ತಂಬಾಕು ಉಗಿದ ಕಲೆ, ಕಾಲಿಡಲೂ ಅಸಹ್ಯ. ಜಾಕಿನ ಮೇಲೆ ನಿಂತ ಕಾರಿಗೆ ಒಂದು ಕಡೆ ಹೊಸ ಸ್ಪ್ರಿಂಗು ಕೂತಿತ್ತು, ಇನ್ನೊಂದು ನೆಲದ ಮೇಲಿತ್ತು. ಹಳೆಯದಕ್ಕಿಂತ ದಪ್ಪ ಸರಳಿನದು. ಮೆಕ್ಯಾನಿಕ್ ನನ್ನ ಕಂಡು ಹಲ್ಲು ಕಿರಿದ.

"ಬೆಹನ್‌ಜಿ, ಅಬ್ ಜಿತನಾ ಚಾಹೋ ಮಾಲ್ ಭರೋ! ಸಾಹೇಬ್ ನೆ ಟ್ಯಾಕ್ಸಿವಾಲಾ ಹಾರ್ಡ್ ಸ್ಪ್ರಿಂಗ್ ಡಲ್ವಾಯಾ ಹೈ."

ಇನ್ನು ಎಷ್ಟು ಬೇಕಾದರೂ ಸರಕು ತುಂಬಬಹುದಂತೆ, ಸಾಹೇಬರೇ ಹಾಕಿಸಿದ್ದಂತೆ: ಸಿಎನ್‌ಜಿ ಸಿಲಿಂಡರು ಹೊತ್ತ ಟ್ಯಾಕ್ಸಿಗಳಿಗೆ ಹಾಕುವ ಗಟ್ಟಿ ಸ್ಪ್ರಿಂಗು, ಭಾರ ತಡೆದರೂ ಕೂತವರನ್ನು ಕುಲುಕಿಬಿಡುವಂಥದ್ದು. ಅಂಥ ಟ್ಯಾಕ್ಸಿಯಲ್ಲಿ ಒಮ್ಮೆ ಕೂತು ಬಂದು ಎರಡು ದಿನ ಹಾಸಿಗೆ ಬಿಟ್ಟು ಏಳಲಾಗದೆ ಒದ್ದಾಡಿದ್ದೆ. ಆಗ ನನ್ನನ್ನು ಬಚ್ಚಲಿಗೆ ಕೈಹಿಡಿದು ನಡೆಸಿದವರು ಇದೇ ಗಂಡ.

"ನೀವ ಹೇಳಿ ಹಾಕ್ಸಿದ್ರೇನು ಇದನ್ನ?" ಎಂದು ಪಕ್ಕದಲ್ಲೇ ನಿಂತಿದ್ದ ಗಂಡನನ್ನು ಕೇಳಿದೆ.

"ಹೂಂ ಮತ್ತ. ಮುಂದಿನ ತಿಂಗಳ ಅಕ್ಕ ಇನ್ನೊಂದು ಖೇಪು ಬರಾಕಿ ಇದ್ದಾಳ."

"ನನ್ನ ಬೆನ್ನು?"

"ನೀ ಒಂದು ದಿಂಬು ಹಾಕ್ಕೊಂಡು ಕೂತ್ರಾತು. ಸೀರಿ ಗಂಟಿಗೆ ದಿಂಬು ಹಾಕಾಕ ಬರ್ತದೇನು?"

ತಮಾಷೆಗೆ ಅಂದ ಮಾತಲ್ಲ. ಲೆಕ್ಕ ಹಾಕಿ, ಯೋಚಿಸಿ, ನಿಜವಾಗಿಯೂ ಸರಿ ಎಂದೇ ತಿಳಿದು ಹೇಳಿದರು.

"ಭಾಯ್, ಹಾಕಿದ್ದನ್ನ ಬಿಚ್ರಿ," ಎಂದೆ ಮೆಕ್ಯಾನಿಕ್‌ಗೆ. ಸಿಟ್ಟಿನಲ್ಲಿ ಕನ್ನಡವೇ ಬಂದಿತ್ತು. ಆಮೇಲೆ ಹಿಂದಿಯಲ್ಲಿ ಹೇಳಿದೆ: ಎರಡೂ ಕಡೆ ಮೊದಲು ಇದ್ದಂಥದ್ದೇ ಹಾಕಬೇಕು, ಹಾಕುವತನಕ ನಾನು ಇಲ್ಲಿಂದ ಕದಲುವುದಿಲ್ಲ. ಅವನು ಗೊಣಗಿದ, ಉಗಿದ, ಕೊನೆಗೆ ಬಿಚ್ಚಿ ಮೊದಲಿನಂಥದ್ದನ್ನೇ ಹಾಕಿದ.

"ಮತ್ತ ಅಕ್ಕನ ಗಂಟು?" ಎಂದರು ಗಂಡ.

"ಗಂಟು ಟೆಂಪೋದಾಗ ಬರ್ಲಿ. ನಿಮ್ಮಕ್ಕನೂ ಅದರ ಮ್ಯಾಲ ಕೂತ ಬರ್ಲಿ."

ಮನೆಯ ದಾರಿಯ ಹಂಪುಗಳನ್ನು ಕಾರು ಮೆಲ್ಲಗೆ ಹತ್ತಿ ಇಳಿಯಿತು. ಬೆನ್ನು ನೋಯಲಿಲ್ಲ. "ನೋಡು, ಹೆಂಗ ಆರಾಮ ಹೊಂಟದ!" ಎಂದರು, ತಾವೇ ಮುತುವರ್ಜಿಯಿಂದ ಹಾಕಿಸಿದವರ ಹಾಗೆ. ಮನೆಗೆ ಬಂದು ಅವರ ತಟ್ಟೆಗೆ ಅನ್ನ ಬಡಿಸುವಾಗ, ಮದುವೆಯಾದಂದಿನಿಂದ ಮೊದಲ ಸಲ, ನನ್ನ ಕೈ ಹೇಸಿತು.