ಮುಚ್ಚಿದ ಕೋಣೆಯ ಕೂಲರ್

ಸೋಲಾಪುರದಲ್ಲಿ ಬೇಸಿಗೆ ಎಂದರೆ ಬೆಳಿಗ್ಗೆ ಒಂಬತ್ತಕ್ಕೇ ಕಿಟಕಿ ಮುಚ್ಚಿ ಕೂಲರ್ ಹಾಕಿಕೊಳ್ಳುವುದು. ವಾಯವ್ಯದ ಒಣನೆಲದ ಮೇಲಿಂದ ಬರುವ ಗಾಳಿ ಮುಖ ಸುಟ್ಟರೂ ಅದರಲ್ಲಿ ಪಸೆ ಇರುವುದಿಲ್ಲ. ಕೂಲರ್‌ನ ಒದ್ದೆ ಹುಲ್ಲು ದಾಟಿದರೆ ತಣ್ಣಗಾಗುತ್ತದೆ. ಸಮುದ್ರದ ಗಾಳಿ ಬಂದರೆ ಮಾತ್ರ ಎಲ್ಲ ತಿರುಗುಮುರುಗು. ನೀರು ಆರುವುದಿಲ್ಲ, ಮುಚ್ಚಿದ ಕೋಣೆ ಕುದಿಯುತ್ತದೆ. ನಾನು ಭೂಗೋಳದ ಶಿಕ್ಷಕಿ. ಇದನ್ನೆಲ್ಲ ವರ್ಷಗಟ್ಟಲೆ ಕಲಿಸಿದ್ದೇನೆ.

ಆ ಬೇಸಿಗೆ ಮೈಂದರ್ಗಿಯಲ್ಲಿದ್ದ ಅತ್ತೆಗೆ ಉಬ್ಬಸ ಹೆಚ್ಚಾಯಿತು. ಅಕ್ಕಲಕೋಟೆಯ ಡಾಕ್ಟರ್ ಹೇಳಿದರೆಂದು ನಮ್ಮಲ್ಲಿಗೆ ಕರೆತಂದೆವು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು, ಅಷ್ಟೆ. ನಿಜ ಹೇಳುತ್ತೇನೆ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹದಿನೆಂಟು ವರ್ಷ ನನ್ನ ಅಡುಗೆಯಲ್ಲಿ ಕೊಂಕು ಹುಡುಕಿದವರು.

ಮೇ ಕೊನೆಯ ಒಂದು ಬೆಳಿಗ್ಗೆ ಗಾಳಿ ಬದಲಾಗಿತ್ತು. ಮೈ ಅಂಟುತ್ತಿತ್ತು, ಡಬ್ಬಿಯ ಉಪ್ಪು ನೀರೊಡೆದಿತ್ತು. ರಜೆಯ ಕ್ಲಾಸಿಗೆ ಹೊರಟವಳು ಎಂದಿನಂತೆ ಕೂಲರ್ ಹಾಕಿ ಅತ್ತೆಯ ಕೋಣೆಯ ಕಿಟಕಿ ಮುಚ್ಚತೊಡಗಿದೆ.

“ಇವತ್ತ ಅದನ್ನ ಬಂದ್ ಮಾಡಬ್ಯಾಡವಾ, ಉಸರ ಕಟ್ಟಾಕತ್ತೈತಿ,” ಎಂದರು ಅತ್ತೆ.

“ತಗದರ ಝಳಾ ಬರತೈತ್ರಿ. ಕೂಲರ್ ಐತೆಲ್ಲ? ನಾಟಕ ಬಸ್ ಮಾಡ್ರಿ.”

“ಒಂದ ಬೆರಳಷ್ಟರ ತಗಿ.”

ಕೆಳಗಿನ ಚಿಲಕ ಹಾಕಿದೆ. ಅವರಿಗೆ ಎಟುಕದ ಮೇಲಿನದನ್ನೂ ಹಾಕಿದೆ. ಸಿಟ್ಟಿಗೇ ಹಾಕಿದೆ.

ಅಂದು ಕ್ಲಾಸಿನಲ್ಲಿ ವಾಯುರಾಶಿಗಳ ಪಾಠ. ಬಂಗಾಳ ಉಪಸಾಗರದ ಒದ್ದೆ ಗಾಳಿ ನಮ್ಮ ತನಕ ಬಂದಿದೆ, ಇನ್ನು ಕೂಲರ್ ಹಾಕಿದರೆ ಕಿಟಕಿ ತೆರೆದಿಡಿ ಎಂದು ಮರಾಠಿಯಲ್ಲಿ ಚೆನ್ನಾಗಿ ವಿವರಿಸಿದೆ. ಮಕ್ಕಳು ಬರೆದುಕೊಂಡರು. ಆಗ ನನಗೆ ಮನೆ ನೆನಪಾಯಿತು. ಹೌದು, ನೆನಪಾಯಿತು. ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ಸ್ವಲ್ಪ ಬೆವರಲಿ ಎಂದುಕೊಂಡು ಮುಂದಿನ ಪಾಠ ತೆಗೆದೆ.

ಮಧ್ಯಾಹ್ನ ಬಂದು ನೋಡಿದರೆ ಕೋಣೆ ಬಚ್ಚಲಿನಂತೆ ಹಬೆಯಾಡುತ್ತಿತ್ತು. ಅತ್ತೆ ಕಿಟಕಿಯ ಕೆಳಗೆ ಬಿದ್ದಿದ್ದರು. ಕೆಳಗಿನ ಚಿಲಕ ತೆಗೆದಿತ್ತು. ಉಸಿರಿರಲಿಲ್ಲ.

ನಾನು ಮೊದಲು ಕಿಟಕಿ ತೆರೆದೆ. ಕೂಲರ್ ಆರಿಸಿದೆ. ಅತ್ತೆಯನ್ನು ಎತ್ತಿ ಮಂಚದ ಮೇಲೆ ಮಲಗಿಸಿದೆ. ಆಮೇಲೆ ಊರಾಚೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ.

ಅವರು ಬಂದು ತಾಯಿಯ ತಲೆ ನೇವರಿಸುತ್ತ ಕೂತರು. “ಮುಂಜಾನಿ ಅವ್ವ ಏನರ ಅಂದಿದ್ಲೇನು?”

“ಏನೂ ಅನ್ನಲಿಲ್ರಿ. ಆರಾಮ ಮಲಗಿದ್ರು.”

ಅವರು ಕಣ್ಣೊರೆಸಿಕೊಂಡು ಸುತ್ತ ನೋಡಿದರು. “ಚಲೋ ಮಾಡಿದಿ,” ಎಂದರು. “ಕಿಟಕಿನರ ತಗದಿಟ್ಟು ಹೋಗಿದ್ದಿ.”

ನಾನು ಹೂಂ ಎಂದೆ.