ಅವರೆಕಾಳಿನ ಮುಂದೆ ಕೂತವಳು ಬಿದ್ದವಳಲ್ಲ

ನೆನೆಸಿದ ಅವರೆಕಾಳನ್ನು ಸಿಪ್ಪೆಯಿಂದ ಹಿತುಕಿ ತೆಗೆಯಬೇಕಾದರೆ ನಾನು ನೆಲದ ಮೇಲೇ ಕೂರಬೇಕು. ಬೆನ್ನಿಗೆ ಗೋಡೆ, ಮುಂದಕ್ಕೆ ಚಾಚಿದ ಕಾಲು, ಪಕ್ಕದಲ್ಲಿ ಪಾತ್ರೆ. ನಮ್ಮ ದೇವನಹಳ್ಳಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಚಳಿಗಾಲ ನನ್ನ ಮನೆಗೆ ಬಂದ ರೋಬೋಟಿಗೆ ಮಾತ್ರ ಹೇಳಿಕೊಡಬೇಕಾಯಿತು.

ಬಿದ್ದು ಮುರಿದಿದ್ದ ನನ್ನ ಸೊಂಟದ ಮೂಳೆ ಕೂಡಿಕೊಂಡ ಮೇಲೆ ಮಗಳು, "ನೆಲಮಂಗಲಕ್ಕೆ ನಮ್ಮನೆಗೇ ಬಂದ್ಬಿಡು" ಎಂದು ಹಟ ಹಿಡಿದಳು. ನಾನು ಸುತರಾಂ ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು: ಕಂಪನಿಯೊಂದು ಪರೀಕ್ಷೆಗೆಂದು ಕೊಡುವ ರೋಬೋಟು ನನ್ನ ಜೊತೆಗಿರಬೇಕು, ನನ್ನನ್ನು ನೋಡಿಕೊಳ್ಳುವುದು ಅದರಿಂದ ಆಗದಿದ್ದರೆ ನಾನು ಅವಳ ಮನೆಗೆ ಗಂಟುಮೂಟೆ ಕಟ್ಟಬೇಕು. ಸೊಂಟದೆತ್ತರದ ಯಂತ್ರ, ಕೆಳಗೆ ಚಕ್ರ, ಮೇಲೊಂದು ಹಿಡಿ. ನೀರು ತರುತ್ತಿತ್ತು, ಮಾತ್ರೆ ನೆನಪಿಸುತ್ತಿತ್ತು. ನಾನು ಬಿದ್ದರೆ ಮಗಳಿಗೆ ಫೋನು ಮಾಡಬೇಕಿತ್ತು.

ಅಲ್ಲೇ ಆಯಿತು ಎಡವಟ್ಟು. ಕಾಳು ಹಿತುಕಲು ಕೂತೆ. ನಾನು ಬಿದ್ದೆ ಅಂದುಕೊಂಡು ರೋಬೋಟು ಫೋನು ಮಾಡಿಬಿಟ್ಟಿತು. ಮಗಳು ಆಫೀಸು ಬಿಟ್ಟು ಓಡಿ ಬಂದಳು. ಆರಾಮಾಗಿ ಕಾಳು ಹಿತುಕುತ್ತಿದ್ದ ನನ್ನನ್ನು ನೋಡಿ ಗೋಡೆಗೊರಗಿ ಅತ್ತಳು.

"ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ ಕಣಮ್ಮ. ಸಾಕು. ಭಾನುವಾರ ಬರ್ತೀನಿ, ಬಟ್ಟೆ ತುಂಬ್ಕೊಂಡು ಹೊರಡು."

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿದೆ. ಆದರೂ ನನ್ನ ಮನೆ ಬಿಡುವ ಮನಸ್ಸು ಬರಲಿಲ್ಲ.

ಕಂಪನಿಯ ಇಂಜಿನಿಯರಮ್ಮನನ್ನು ಕರೆಸಿದೆ. "ಕುರ್ಚಿ ಮೇಲೆ ಕೂತ್ಕೊಳ್ಳಿ, ಅದಕ್ಕೆ ಗೊತ್ತಾಗತ್ತೆ" ಎಂದಳು. ನನಗೆ ರೇಗಿತು.

"ಅದು ಬಂದಿರೋದು ನನ್ನ ನೋಡ್ಕೊಳ್ಳೋಕೆ. ಅದಕ್ಕೆ ಬೇಕಾದಂಗೆ ನಾನ್ಯಾಕಮ್ಮ ಕೂರ್ಲಿ?"

ಅವಳು ನಕ್ಕು, ಹಾಗಾದರೆ ಕೂತು ತೋರಿಸಿ ಎಂದಳು. ಕೂತೆ, ಎದ್ದೆ, ಮತ್ತೆ ಕೂತೆ. ಬೀದಿಯ ಹೆಂಗಸರೂ ಬಂದು ಕಾಲು ಚಾಚಿ ಕಾಳು ಹಿತುಕಿದರು. ರೋಬೋಟು ನಮ್ಮನ್ನೆಲ್ಲ ನೋಡುತ್ತ ನಿಂತಿತ್ತು. ಸಂಜೆ ಇಂಜಿನಿಯರಮ್ಮ, "ಇನ್ಮೇಲೆ ಮೊದ್ಲು ನಿಮ್ಮನ್ನೇ ಕೇಳತ್ತೆ. ಉತ್ತರ ಬರದಿದ್ರೆ ಮಾತ್ರ ಫೋನು" ಎಂದು ಹೇಳಿ ಹೋದಳು.

ಭಾನುವಾರ ಮಗಳು ಖಾಲಿ ಸೂಟ್‌ಕೇಸು ಹಿಡಿದೇ ಬಂದಳು. ಅವಳ ಕಣ್ಣೆದುರಿಗೇ ಪಾತ್ರೆ ತಂದಿಟ್ಟುಕೊಂಡು ನೆಲಕ್ಕೆ ಕೂತೆ. ರೋಬೋಟು ಹತ್ತಿರ ಬಂದು, "ಬಿದ್ರಾ, ಕೂತ್ರಾ?" ಎಂದು ಕೇಳಿತು.

ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ಪಕ್ಕದಲ್ಲೇ ವಿಮಾನ ನಿಲ್ದಾಣ, ವಿಮಾನ ಬಂದರೆ ಮಾತು ನಿಲ್ಲಿಸುವುದು ನಮ್ಮೂರಿನ ರೂಢಿ, ನಾನೂ ನಿಲ್ಲಿಸಿದೆ. ಬೀದಿಯ ಹೆಂಗಸರನ್ನು ನೋಡಿ ಅದನ್ನೂ ಕಲಿತಿತ್ತೋ ಏನೋ, ರೋಬೋಟೂ ಕಾದು ನಿಂತಿತು. ಮಗಳು ತನ್ನ ಫೋನನ್ನೇ ದಿಟ್ಟಿಸುತ್ತಿದ್ದಳು. ಸದ್ದು ಸರಿದ ಮೇಲೆ, "ಕೂತಿದೀನಿ ಕಣೋ, ಹೋಗು" ಎಂದೆ. ಅದು ಹೋಯಿತು. ಫೋನು ಬಡಿದುಕೊಳ್ಳಲಿಲ್ಲ.

ಏಳುವಾಗ ಮಗಳು ಕೈ ಚಾಚಿದಳು. ನಾನು ರೋಬೋಟನ್ನು ಕರೆದು, ಅದರ ಹಿಡಿ ಹಿಡಿದು ಎದ್ದು ನಿಂತೆ. ಅವಳು ಚಾಚಿದ ಕೈಯಲ್ಲೇ ಕಾಳಿನ ಪಾತ್ರೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ಸಂಜೆ ಅವಳ ಸೂಟ್‌ಕೇಸಿನ ತುಂಬ ಅವರೆಕಾಯಿ ತುಂಬಿ ಕಳಿಸಿದೆ.