ಕಾಕಾ ಮುಖ ತೋರಿಸಿದ ಸಿನಿಮಾ

ಮೊನ್ನೆ ಕೆಲಸ ಮುಗಿಸಿ ಬರುವಾಗ ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎದುರು ಕುಳಿತ ಹೆಂಗಸೊಬ್ಬಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಸಾಸಿವೆ ಎಣ್ಣೆ, ಕರ್ಪೂರ, ಸುಟ್ಟ ಬೆಳ್ಳುಳ್ಳಿ... ಸುತ್ತ ಇದ್ದವರೆಲ್ಲ ಮೂಗಿಗೆ ದುಪಟ್ಟಾ ಹಿಡಿದರು. ನಾನು ಮಾತ್ರ ನಾಚಿಕೆ ಬಿಟ್ಟು ಉಸಿರೆಳೆದುಕೊಂಡೆ. ನಮ್ಮ ಎದುರು ಖೋಲಿಯ ಕಾಕಾ ಮನೆಯಲ್ಲಿದ್ದರೆ ವಠಾರದಂಥ ನಮ್ಮ ಇಡೀ ಚಾಳಿಗೆ ಇದೇ ವಾಸನೆ ಇರುತ್ತಿತ್ತು.

ಕಾಕಾ ವಿಜಯಪುರದ ಕಡೆಯವರು, ಹಿಂದಿ ಸಿನಿಮಾಗಳಲ್ಲಿ ಫೈಟರ್. ಅಂದರೆ ಹೀರೋ ಕೈಯಿಂದ ಹೊಡೆಸಿಕೊಂಡು ಬೀಳುವುದು ಅವರ ಉದ್ಯೋಗ. ನಾನು ಕುಂದಾಪುರದ ಕಡೆಯವಳು. ಅಂಧೇರಿಯ ಸ್ಟುಡಿಯೋಗಳಿಗೆ ಪೊಲೀಸ್ ಯೂನಿಫಾರ್ಮ್ ಹೊಲಿಯುವುದು ನನ್ನ ಉದ್ಯೋಗ. ನಾನು ಹೊಲಿದದ್ದನ್ನು ಅವರು ಬಿದ್ದು ಹರಿಯುತ್ತಿದ್ದರು, ನಾನು ಬೈಯುತ್ತಾ ಮತ್ತೆ ಹೊಲಿಯುತ್ತಿದ್ದೆ. ಕುರ್ಲಾದ ಚಾಳಿನಲ್ಲಿ ಬಾಗಿಲಿಗೆ ಬಾಗಿಲು ಎದುರು ಇದ್ದುದರಿಂದ ಜಗಳಕ್ಕೂ ಚಹಾಕ್ಕೂ ದೂರ ಹೋಗಬೇಕಾಗಿರಲಿಲ್ಲ.

ಫೈಟರುಗಳಲ್ಲಿ ಒಂದು ಪದ್ಧತಿ ಉಂಟು. ಒಂದೇ ಸಿನಿಮಾದಲ್ಲಿ ಅದೇ ಮನುಷ್ಯ ಗೋದಾಮಿನಲ್ಲಿ ಒಮ್ಮೆ ಸತ್ತು, ಬಂದರಿನಲ್ಲಿ ಇನ್ನೊಮ್ಮೆ ಸಾಯಬೇಕಾಗುತ್ತದೆ. ಮುಖ ಕಂಡುಬಿಟ್ಟರೆ, ಇವನು ಆಗಲೇ ಸತ್ತಿದ್ದನಲ್ಲ ಎಂದು ಜನ ನಗುತ್ತಾರೆ. ಅದಕ್ಕೆ ಏಟು ಬೀಳುವ ಹೊತ್ತಿಗೆ ಮುಖವನ್ನು ಕ್ಯಾಮೆರಾದಿಂದ ಆಚೆ ತಿರುಗಿಸಿಕೊಳ್ಳಬೇಕೆಂದು ಫೈಟ್ ಮಾಸ್ಟರ್ ಶುರುವಿನಲ್ಲೇ ಕಲಿಸಿಬಿಡುತ್ತಾರೆ. ಕಾಕಾ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಅಷ್ಟು ವರ್ಷ ದುಡಿದರೂ ಒಂದು ಸಿನಿಮಾದಲ್ಲೂ ಅವರ ಮುಖ ಇರಲಿಲ್ಲ.

ಅವರ ಹೆಂಡತಿ, ನಮ್ಮೆಲ್ಲರ ಕಾಕು, ಅವರ ಎಲ್ಲ ಸಿನಿಮಾಗಳನ್ನೂ ನೋಡುತ್ತಿದ್ದರು. ಪರದೆಯ ಮೇಲೆ ಹತ್ತಾರು ಜನ ಬೀಳುವಾಗ "ಆ ಬೆನ್ನು ನಮ್ಮವರದು" ಎಂದು ಬೆರಳು ತೋರಿಸುತ್ತಿದ್ದರು. ಚಾಳಿನ ಹೆಂಗಸರು ಹೂಂ ಅಂದು, ಹಿಂದಿನಿಂದ ಕಿಸಕ್ಕನೆ ನಗುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ನಗು ಬರುತ್ತಿತ್ತು. ಕಾಕಾಗೆ ಮಾತ್ರ ಅದು ಒಳಗೊಳಗೇ ಚುಚ್ಚುತ್ತಿತ್ತು ಎಂದು ಗೊತ್ತಾದದ್ದು ಒಮ್ಮೆ ಅವರ ಪ್ಯಾಂಟಿನ ಅಳತೆ ತೆಗೆಯುವಾಗ.

"ತಂಗಿ, ಈ ಮೊಣಕಾಲು ಇನ್ನ ಭಾಳ ದಿನ ಮಾತು ಕೇಳೂದಿಲ್ಲ" ಅಂದರು. "ಫೈಟ್ ಬಿಡೂದರೊಳಗ ಒಂದ್ ಸಲ ಆಕಿಗೆ ನನ್ನ ಮಾರಿ ತೋರಿಸಬೇಕು."

ಅಂಥ ಹೊತ್ತಿನಲ್ಲಿ ಬ್ರಿಟಿಷರ ಆ ಪೊಲೀಸ್ ಕಾಮಿಡಿ ಬಂತು. ಲಂಡನ್ನಿನ ಡೊಳ್ಳು ಹೊಟ್ಟೆಯ ಇನ್‌ಸ್ಪೆಕ್ಟರ್ ಒಬ್ಬ ಕಳ್ಳನ ಬೆನ್ನು ಹತ್ತಿ ಮುಂಬೈಗೆ ಬಂದು, ಕಳ್ಳನನ್ನು ಬಿಟ್ಟು ಉಳಿದವರಿಗೆಲ್ಲ ಗುದ್ದುವ ಕಥೆ. ಅಂಧೇರಿಯಲ್ಲಿ ಒಂದು ಗಲ್ಲಿಯ ಸೆಟ್ ಹಾಕಿದ್ದರು. ಅದರಲ್ಲಿ ಕಾಕಾ ಮುಂಬೈ ಪೊಲೀಸಿನ ಹವಾಲ್ದಾರ. ವಿಲಾಯತಿ ಸಾಹೇಬರನ್ನು ಸ್ವಾಗತಿಸಲು ಚಹಾದ ಗ್ಲಾಸು ಹಿಡಿದು ನಗುತ್ತಾ ಬರಬೇಕು; ಇನ್‌ಸ್ಪೆಕ್ಟರ್ ಗುದ್ದುವಾಗ ಕಳ್ಳ ಬಗ್ಗಬೇಕು; ಗುದ್ದು ಹವಾಲ್ದಾರನಿಗೆ ಬಿದ್ದು ಅವನು ತರಕಾರಿ ಗಾಡಿಯ ಮೇಲೆ ಉರುಳಬೇಕು. ಕ್ಯಾಮೆರಾ ಇರುವುದು ಹವಾಲ್ದಾರನ ಮುಖದ ಮೇಲೆಯೇ. ಸುದ್ದಿ ಕೇಳಿದ ದಿನ ಕಾಕು ಇಡೀ ಚಾಳಿಗೆ ಶೇಂಗಾ ಹೋಳಿಗೆ ಹಂಚಿದರು.

ಶೂಟಿಂಗ್ ದಿನ ಕಾಕು ಹಟ ಹಿಡಿದು ನನ್ನ ಜೊತೆಗೇ ಬಂದರು. ನಾನು ಕಾಕಾನ ಪ್ಯಾಂಟಿನ ಒಳಗೆ ಮೊಣಕಾಲಿಗೆ ದಪ್ಪ ಸ್ಪಂಜು ಇಟ್ಟು ಹೊಲಿದಿದ್ದೆ. ಗಾಡಿಯ ತರಕಾರಿಯ ಕೆಳಗೆ ಗಾದಿ ಇತ್ತು. ಆಕ್ಷನ್ ಅಂದರು. ಕಾಕಾ ನಗುತ್ತಾ ಬಂದರು, ಕಳ್ಳ ಬಗ್ಗಿದ, ಗುದ್ದು ಬಂತು... ಕಾಕಾ ಗಕ್ಕನೆ ಮುಖ ತಿರುಗಿಸಿ, ಗಾಳಿಯಲ್ಲಿ ಲಾಗ ಹಾಕಿ ಟೊಮೇಟೋದ ಮೇಲೆ ಬಿದ್ದರು. ಬೀಳುವುದೇನೋ ಬಹಳ ಚಂದ ಬಿದ್ದರು. ಮುಖ ಮಾತ್ರ ಇರಲಿಲ್ಲ.

ಮತ್ತೆ ತೆಗೆದರು, ಮತ್ತೆ ಅದೇ. ವಿಲಾಯತಿ ಡೈರೆಕ್ಟರ್ ತಾಳ್ಮೆಯ ಮನುಷ್ಯ. ತಾನೇ ಬಂದು ತನ್ನ ಮುಖ ಮುಟ್ಟಿಕೊಂಡು ತೋರಿಸಿಕೊಟ್ಟ. ಕಾಕಾ ತಲೆಯಾಡಿಸಿದರು. ಮುಷ್ಟಿ ಹತ್ತಿರ ಬಂದ ಕೂಡಲೇ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. "ನಾನಲ್ಲ ತಂಗಿ, ಮೈಯೇ ತಿರಗತೈತಿ" ಎಂದು ನನ್ನ ಹತ್ತಿರ ಬಂದು ಹೇಳುವಾಗ ಅವರ ಕಣ್ಣು ತುಂಬಿತ್ತು.

ಆಗ ಅಸಿಸ್ಟೆಂಟ್ ಒಬ್ಬ ಬಂದು, ಬೇರೆ ಫೈಟರನ್ನು ನಿಲ್ಲಿಸುತ್ತೇವೆ, ಅವನ ಅಳತೆಗೆ ಯೂನಿಫಾರ್ಮ್ ಕೊಡು ಎಂದು ಹಿಂದಿಯಲ್ಲಿ ಹೇಳಿದ. ಇಸ್ತ್ರಿ ಮಾಡಿದ ಯೂನಿಫಾರ್ಮ್ ನನ್ನ ಪೆಟ್ಟಿಗೆಯಲ್ಲೇ ಇತ್ತು. ಇಸ್ತ್ರಿ ಆಗಿಲ್ಲ, ಅಷ್ಟರಲ್ಲಿ ಇನ್ನೊಂದು ಸಲ ತೆಗೆದು ನೋಡಿ ಎಂದು ಹೇಳಿ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಇವತ್ತಿಗೂ ಆ ಸುಳ್ಳಿನ ಬಗ್ಗೆ ನನಗೆ ಹೆಮ್ಮೆ ಇದೆ.

ಕೊನೆಯ ಸಲ ಎಂದರು. ಎಲ್ಲ ಹೇಳಿದಂತೆಯೇ ನಡೆಯಿತು. ಕಾಕಾ ಬಂದರು, ಕಳ್ಳ ಬಗ್ಗಿದ, ಕುತ್ತಿಗೆ ಇನ್ನೇನು ತಿರುಗಬೇಕು... ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದ ಕಾಕು ನೀರಿನ ನಲ್ಲಿಯ ಜಗಳದ ಗಂಟಲಲ್ಲಿ ಕೂಗಿದರು: "ರೀ, ಮಾರಿ ಯಾಕ ಮುಚ್ಚಕೋತೀರಿ? ಕಳವು ಮಾಡೀರೇನು? ಇತ್ತಾಗ ನೋಡ್ರಿ!"

ಕಾಕಾ ಬೆಚ್ಚಿ ಇತ್ತ ನೋಡಿದರು. ಮುಖದಲ್ಲಿ ಅರ್ಧ ನಗು, ಅರ್ಧ ಹೆಂಡತಿಯ ಭಯ. ಅದರ ಮೇಲೆ ಮುಷ್ಟಿ ಬಂತು, ಕಾಕಾ ಆ ಮುಖ ಹೊತ್ತುಕೊಂಡೇ ಗಾಡಿಯ ಮೇಲೆ ಉರುಳಿದರು. ಆಮೇಲೆ ಡೈರೆಕ್ಟರ್ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಧ್ವನಿಯನ್ನು ಹೇಗೂ ಆಮೇಲೆ ಹಾಕುತ್ತಾರಲ್ಲ, ಕಾಕುವಿನ ಬೈಗುಳ ಯಾರಿಗೂ ತೊಂದರೆ ಕೊಡಲಿಲ್ಲ.

ಸಿನಿಮಾ ಬಂದಾಗ ಚಾಳಿಗೆ ಚಾಳೇ ಹೋಗಿ ನೋಡಿದೆವು. ಇಂಗ್ಲಿಷ್ ಮಾತು ಅರ್ಧಕ್ಕರ್ಧ ನಮ್ಮ ತಲೆಯ ಮೇಲಿಂದ ಹೋಯಿತು, ಆದರೆ ಗುದ್ದಿಗೆ ಯಾವ ಭಾಷೆ? ಪರದೆ ತುಂಬ ಕಾಕಾನ ಮುಖ ಬಂದಾಗ ಥಿಯೇಟರಿನಲ್ಲಿ ನಗುವೋ ನಗು, ನಮ್ಮವರದು ಸೀಟಿಯೋ ಸೀಟಿ. ಪಕ್ಕಕ್ಕೆ ನೋಡುತ್ತೇನೆ, ಕಾಕಾ ಅಂಗೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ಕಾಕು ಆ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ.

ಅದರ ನಂತರ ಕಾಕಾ ಫೈಟ್ ಬಿಟ್ಟರು. ಕೆಲವು ವರ್ಷ ಹೊಸ ಹುಡುಗರಿಗೆ ಬೀಳುವುದನ್ನು ಕಲಿಸಿದರು. ಅವರ ಕೈಯಲ್ಲಿ ಕಲಿತ ಒಬ್ಬ ಹುಡುಗಿ ಈಗ ದೊಡ್ಡ ಹೀರೋಯಿನ್‌ಗಳ ಬದಲಿಗೆ ಕಟ್ಟಡದಿಂದ ಹಾರುತ್ತಾಳೆ. ಹೋದ ವರ್ಷ ಕಾಕಾ ಹೋದರು... ಎದೆನೋವು ಅಂದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಕಟ ಇನ್ನೂ ಇಳಿದಿಲ್ಲ. ಎದುರಿನ ಬಾಗಿಲು ತೆರೆದಾಗಲೆಲ್ಲ, ಹರಿದ ಖಾಕಿ ಹಿಡಿದುಕೊಂಡು ಬರುತ್ತಾರೇನೋ ಎಂದು ಕತ್ತೆತ್ತುತ್ತೇನೆ.

ಮೊನ್ನೆ ರೈಲಿಳಿದವಳು ಸೀದಾ ಕಾಕುವಿನ ಖೋಲಿಗೇ ಹೋದೆ. ಅವರು ಮೊಬೈಲಿನಲ್ಲಿ ಅದೇ ಸಿನಿಮಾ ಹಾಕಿಕೊಂಡಿದ್ದರು. ಕಾಕಾ ಚಹಾದ ಗ್ಲಾಸು ಹಿಡಿದು ನಗುತ್ತಾ ಬಂದರು, ಇತ್ತ ನೋಡಿದರು. ಮುಷ್ಟಿ ಮುಟ್ಟುವ ಮೊದಲೇ ಕಾಕು ಬೆರಳೊತ್ತಿ ನಿಲ್ಲಿಸಿಬಿಟ್ಟರು.

"ಎಂತ ಕಾಕು, ಚಂದದ್ದೇ ಮುಂದೆ ಉಂಟಲ್ಲ?" ಅಂದೆ.

"ಬೀಳೂದು ಜನ್ಮ ಪೂರ್ತಿ ನೋಡೀನಿ, ತಂಗಿ" ಅಂದರು. "ಈಗರ ನಿಂದರಲಿ."